ಕಲೆಗೆ ಕೊಟ್ಟ ಸರ್ಕಾರಿ ಹಣ ಯಾರ ಕೈ ಸೇರಿತು? ಬಜೆಟ್ ಬಿಡಿಸಿ ನೋಡುವ ಬಗೆ

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಸಂಸ್ಕೃತಿಗೆ ಇಷ್ಟು ಹಣ, ಹೋದ ವರ್ಷಕ್ಕಿಂತ ಶೇಕಡ ಇಷ್ಟು ಜಾಸ್ತಿ. ಕಲಾವಿದರು ಸಾಲದು ಅನ್ನುತ್ತಾರೆ. ಇನ್ನು ಕೆಲವರು ಇದೆಲ್ಲ ದುಂದು ಅನ್ನುತ್ತಾರೆ. ಇಬ್ಬರೂ ಜಗಳ ಆಡುವುದು ಆ ಒಂದೇ ಅಂಕಿ ಹಿಡಿದುಕೊಂಡು. ಆದರೆ ಹಣ ನಿಜಕ್ಕೂ ಖರ್ಚಾಯಿತಾ, ಯಾರ ಕೈ ಸೇರಿತು, ಯಾರು ಆರಿಸಿದರು ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ.

ಅದು ಗೊತ್ತಾಗಬೇಕಾದರೆ ಕಾಗದ ಬಿಚ್ಚಿ ಕೂರಬೇಕು. ಲೆಕ್ಕಶಾಸ್ತ್ರ ಓದಿರಬೇಕೆಂದಿಲ್ಲ. ಕೂಡುವುದು, ಕಳೆಯುವುದು, ಶೇಕಡ ಲೆಕ್ಕ ಬಂದರೆ ಸಾಕು. ಜೊತೆಗೆ ಒಂದು ಸ್ಪ್ರೆಡ್‌ಶೀಟ್, ಸ್ವಲ್ಪ ಹಟ. ನಾಟಕ ತಂಡ ನಡೆಸುವವರು, ವರದಿಗಾರರು, ವಿದ್ಯಾರ್ಥಿಗಳು, ಸುಮ್ನೆ ಕುತೂಹಲ ಇರುವವರು ಯಾರು ಬೇಕಾದರೂ ಮಾಡಬಹುದು. ದೇಶ ಯಾವುದಾದರೂ ದಾರಿ ಹೆಚ್ಚುಕಡಿಮೆ ಒಂದೇ.

1. ಹಣ ಬರುವ ಬಾಗಿಲುಗಳನ್ನು ಎಣಿಸಿ

ಸಂಸ್ಕೃತಿ ಇಲಾಖೆಯ ಪುಟವನ್ನಷ್ಟೇ ನೋಡಿದರೆ ಚಿತ್ರ ಪೂರ್ತಿ ಆಗುವುದಿಲ್ಲ. ಕೆಲವು ದೇಶಗಳಲ್ಲಂತೂ ಅರ್ಧವೂ ಆಗುವುದಿಲ್ಲ. ಹಾಗಾಗಿ ಅಂಕಿ ಹುಡುಕುವ ಮೊದಲು ಒಂದು ಖಾಲಿ ಹಾಳೆಯಲ್ಲಿ ಸಾರ್ವಜನಿಕ ಹಣ ಕಲೆಗೆ ಬರುವ ದಾರಿಗಳನ್ನೆಲ್ಲ ಬರೆದುಕೊಳ್ಳಿ.

ಕೇಂದ್ರ, ರಾಜ್ಯ, ನಗರ ಎಂಬ ಮೂರು ಹಂತದಿಂದ ಶುರು ಮಾಡಿ. ಜರ್ಮನಿಯನ್ನೇ ನೋಡಿ. ಅಲ್ಲಿ ಸಂಸ್ಕೃತಿ ಮುಖ್ಯವಾಗಿ ರಾಜ್ಯಗಳ ವಿಷಯ. ಕೇಂದ್ರ ಸರ್ಕಾರದಲ್ಲಿ ಅದಕ್ಕೆಂದೇ ಒಬ್ಬ ಹೊಣೆಗಾರರನ್ನು ನೇಮಿಸಿದ್ದೇ 1998ರಲ್ಲಿ. ಹಣದ ದೊಡ್ಡ ಪಾಲು ರಾಜ್ಯ ಮತ್ತು ನಗರಾಡಳಿತಗಳ ಬೊಕ್ಕಸದಿಂದ ಬರುತ್ತದೆ. ಬರೀ ಕೇಂದ್ರದ ಬಜೆಟ್ ನೋಡಿದವರಿಗೆ ಜರ್ಮನಿ ಕಲೆಗೆ ಕೈ ಬಿಗಿ ಹಿಡಿಯುವ ದೇಶ ಅನ್ನಿಸಿಬಿಡುತ್ತದೆ. ನಿಜ ಪೂರ್ತಿ ಉಲ್ಟಾ.

ಆಮೇಲೆ, ಬಜೆಟ್‌ನ ಮುಖ್ಯ ಪುಟಕ್ಕೇ ಬಾರದ ವಿಶೇಷ ತೆರಿಗೆಗಳು. ಇದಕ್ಕೆ ಫ್ರಾನ್ಸಿನ ಸಿನಿಮಾ ಟಿಕೆಟ್ ಒಳ್ಳೇ ಉದಾಹರಣೆ. ಅಲ್ಲಿ ಪ್ರತಿ ಟಿಕೆಟ್ ದರದಲ್ಲಿ ಶೇಕಡ 10.72ರಷ್ಟು ವಿಶೇಷ ತೆರಿಗೆ ಇದೆ. ನೋಡುವುದು ಹಾಲಿವುಡ್ ಚಿತ್ರವಾದರೂ ಅದನ್ನು ಕೊಡಲೇಬೇಕು. ಈ ಹಣ 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಹೋಗುತ್ತದೆ. ಟಿವಿ ಚಾನೆಲ್‌ಗಳು ಮತ್ತು ವಿಡಿಯೊ ಸೇವೆಗಳೂ ಅದಕ್ಕೆ ಪಾಲು ಕೊಡುತ್ತವೆ. ಅಲ್ಲಿಂದ ಹೊಸ ಚಿತ್ರಗಳ ತಯಾರಿಕೆಗೆ, ಚಿತ್ರಮಂದಿರಗಳಿಗೆ ನೆರವು ಸಿಗುತ್ತದೆ. ಅಂದರೆ ದೊಡ್ಡ ವಿದೇಶಿ ಚಿತ್ರ ಓಡಿದಷ್ಟೂ ಸ್ಥಳೀಯ ಚಿತ್ರಕ್ಕೆ ಬೀಜಧನ ಕೂಡುತ್ತದೆ. ಈ ಏರ್ಪಾಡು ಮಾಡಿದವರ ಜಾಣತನ ನನಗೆ ಈಗಲೂ ಖುಷಿ ಕೊಡುತ್ತದೆ. ಆದರೆ ನಮ್ಮ ಕೆಲಸಕ್ಕೆ ಬೇಕಾದ ವಿಷಯ ಬೇರೆ: ಈ ಹಣ ಸಂಸ್ಕೃತಿ ಸಚಿವಾಲಯದ ಮಾಮೂಲಿ ಸಾಲಿನಲ್ಲಿ ಕಾಣುವುದಿಲ್ಲ. ಸಿನಿಮಾ ಕೇಂದ್ರದ ಸ್ವಂತ ವರದಿ ತೆಗೆದು ನೋಡಬೇಕು.

ಬ್ರಿಟನ್‌ನಲ್ಲಿ ಲಾಟರಿ ಇದೆ. 1994ರಲ್ಲಿ ಶುರುವಾದ ರಾಷ್ಟ್ರೀಯ ಲಾಟರಿಯಿಂದ ಸತ್ಕಾರ್ಯಕ್ಕೆಂದು ತೆಗೆದಿಡುವ ಹಣದಲ್ಲಿ ಶೇಕಡ 20 ಕಲೆಗೆ, ಅಷ್ಟೇ ಪರಂಪರೆ ರಕ್ಷಣೆಗೆ. ಟಿಕೆಟ್ ಮಾರಾಟ ಬಿದ್ದರೆ ಕಲೆಯ ಹಣವೂ ಬೀಳುತ್ತದೆ. ಸರ್ಕಾರ ತಾನು ಕೊಡಬೇಕಾದ್ದನ್ನು ಕಡಿಮೆ ಮಾಡಿ, ಲಾಟರಿ ಹಣ ತೋರಿಸಿ ಸಮಾಧಾನ ಹೇಳುವ ಅಪಾಯವೂ ಇದೆ. ಅದಕ್ಕೇ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ, ಕೂಡಿಸಿ ಒಂದು ಮಾಡಬೇಡಿ.

ಇನ್ನೊಂದು ಬಾಗಿಲು ಕಣ್ಣಿಗೇ ಬೀಳುವುದಿಲ್ಲ. ಅದು ಸರ್ಕಾರ ಬಿಟ್ಟುಕೊಟ್ಟ ತೆರಿಗೆ. ಅಮೆರಿಕದಲ್ಲಿ 1917ರಿಂದ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಶ್ರೀಮಂತರೊಬ್ಬರು ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟರೆ ಖಜಾನೆಗೆ ಬರಬೇಕಾದ ತೆರಿಗೆ ಅಷ್ಟು ಕಡಿಮೆಯಾಗುತ್ತದೆ. ಅದೂ ಒಂದು ಥರದ ಸಾರ್ವಜನಿಕ ಹಣವೇ, ಅಲ್ವಾ? ಯಾವ ಸಂಸ್ಥೆಗೆ ಹೋಗಬೇಕು ಎಂದು ತೀರ್ಮಾನ ಮಾಡುವುದು ಮಾತ್ರ ದಾನಿ. ಅನೇಕ ದೇಶಗಳು ಹೀಗೆ ಬಿಟ್ಟುಕೊಟ್ಟ ತೆರಿಗೆಯ ಪಟ್ಟಿಯನ್ನು ಬಜೆಟ್ ಜೊತೆಗೇ ಪ್ರಕಟಿಸುತ್ತವೆ. ಅದನ್ನು ಹುಡುಕಿ.

ಚಿಲ್ಲರೆ ದಾರಿಗಳೂ ಇರುತ್ತವೆ. ಸಂಗೀತ, ನಾಟಕ ಕಲಿಸುವ ಕಾಲೇಜುಗಳು ಶಿಕ್ಷಣ ಇಲಾಖೆಯಲ್ಲಿ. ಉತ್ಸವಗಳು ಪ್ರವಾಸೋದ್ಯಮದಲ್ಲಿ. ಹೊರದೇಶಕ್ಕೆ ಹೋಗುವ ತಂಡಗಳ ಖರ್ಚು ವಿದೇಶಾಂಗ ಇಲಾಖೆಯಲ್ಲಿ. ಫ್ರಾನ್ಸ್ 1951ರಿಂದ ಸರ್ಕಾರಿ ಕಟ್ಟಡಗಳ ವೆಚ್ಚದಲ್ಲಿ ಶೇಕಡ 1ನ್ನು ಕಲಾಕೃತಿಗೆ ಎತ್ತಿಡುವ ನಿಯಮ ಮಾಡಿಕೊಂಡಿದೆ. ಅದು ಕಟ್ಟಡದ ಲೆಕ್ಕದಲ್ಲೇ ಅಡಗಿರುತ್ತದೆ. ಡೆನ್ಮಾರ್ಕ್ 1946ರಲ್ಲೇ ಗ್ರಂಥಾಲಯದಲ್ಲಿ ಪುಸ್ತಕ ಇದ್ದುದಕ್ಕೆ ಲೇಖಕರಿಗೆ ದುಡ್ಡು ಕೊಡುವ ಪದ್ಧತಿ ತಂದಿತು. ಈಗ ಹಲವು ದೇಶಗಳಲ್ಲಿ ಅದಿದೆ.

2. 'ಸಂಸ್ಕೃತಿ' ಎಂಬ ತಲೆಬರಹದ ಕೆಳಗೆ ಏನೇನಿದೆ ನೋಡಿ

ಸರ್ಕಾರಗಳ ಖರ್ಚನ್ನು ವಿಂಗಡಿಸಲು ಜಗತ್ತಿನಾದ್ಯಂತ ಬಳಸುವ ಒಂದು ಪಟ್ಟಿ ಇದೆ, ಕೋಫಾಗ್ ಅಂತ. ಅದರ 8ನೇ ವಿಭಾಗದ ಹೆಸರು 'ಮನರಂಜನೆ, ಸಂಸ್ಕೃತಿ ಮತ್ತು ಧರ್ಮ'. ಅಲ್ಲೇ ಕ್ರೀಡಾಂಗಣವೂ ಇದೆ, ಸರ್ಕಾರಿ ಟಿವಿಯೂ ಇದೆ, ಧಾರ್ಮಿಕ ಸಂಸ್ಥೆಗಳಿಗೆ ಕೊಟ್ಟ ಹಣವೂ ಇದೆ. ನಮಗೆ ಬೇಕಾದ ಸಂಸ್ಕೃತಿ ಸೇವೆಗಳು 8.2ನೇ ಉಪವಿಭಾಗದಲ್ಲಿ. ಯಾರಾದರೂ "ಈ ದೇಶ ಸಂಸ್ಕೃತಿಗೆ ಇಷ್ಟು ಖರ್ಚು ಮಾಡುತ್ತದೆ" ಎಂದು ದೊಡ್ಡ ಅಂಕಿ ತೋರಿಸಿದರೆ, ಮೊದಲು ಕೇಳಬೇಕಾದದ್ದು ಇದು 8ನೇ ವಿಭಾಗದ್ದೋ 8.2ರದ್ದೋ ಎಂದು. ಈಜುಕೊಳದ ಖರ್ಚೂ ಸಂಸ್ಕೃತಿಯಾಗಿ ಎಣಿಕೆಯಾಗಿರುತ್ತದೆ.

3. ಒಂದೇ ಸಾಲಿಗೆ ಮೂರು ಅಂಕಿ

ಪತ್ರಿಕೆಯಲ್ಲಿ ಬರುವುದು ಬಜೆಟ್ ಅಂದಾಜು. ಅಂದರೆ ಬರುವ ವರ್ಷ ಇಷ್ಟು ಕೊಡಬೇಕೆಂದಿದ್ದೇವೆ ಎಂಬ ಮಾತು. ವರ್ಷದ ನಡುವೆ ಅದು ಪರಿಷ್ಕೃತ ಅಂದಾಜು ಆಗುತ್ತದೆ. ವರ್ಷ ಮುಗಿದು ಲೆಕ್ಕ ಪಕ್ಕಾ ಆದಮೇಲೆ ಬರುವುದು ನಿಜವಾದ ಖರ್ಚು. ಅದು ಸಾಮಾನ್ಯವಾಗಿ ಒಂದೆರಡು ವರ್ಷ ತಡವಾಗಿ ಬೇರೆ ದಾಖಲೆಯಲ್ಲಿ ಬರುವುದರಿಂದ ಸುದ್ದಿಯಾಗುವುದೇ ಇಲ್ಲ.

ಕನಿಷ್ಠ ಐದು ವರ್ಷದ ಈ ಮೂರೂ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಅಂದಾಜು ಪ್ರತಿ ವರ್ಷ ಏರುತ್ತಾ, ನಿಜವಾದ ಖರ್ಚು ಮಾತ್ರ ಅಲ್ಲೇ ನಿಂತಿದ್ದರೆ, ಘೋಷಣೆ ಒಂದು, ಕೆಲಸ ಇನ್ನೊಂದು ಎಂದು ಅರ್ಥ. ಇದಕ್ಕೆ ಕಾರಣ ಯಾವಾಗಲೂ ದುರುದ್ದೇಶವೇ ಅಂತಲ್ಲ. ಹಣ ಬಿಡುಗಡೆ ಆದದ್ದೇ ವರ್ಷದ ಕೊನೆಗೆ, ಅಷ್ಟರಲ್ಲಿ ಖರ್ಚು ಮಾಡಲು ಆಗಲಿಲ್ಲ ಎಂಬುದೂ ಇರಬಹುದು. ಸಾಧ್ಯವಾದರೆ ತಿಂಗಳುವಾರು ಖರ್ಚೂ ನೋಡಿ. ಕೊನೆಯ ತಿಂಗಳಲ್ಲಿ ಒಮ್ಮೆಲೇ ಖರ್ಚು ಜಿಗಿದಿದ್ದರೆ, ಮುಗಿಸಲೇಬೇಕೆಂದು ಮುಗಿಸಿದ ಹಣ ಅದು.

ಮಂಜೂರಾತಿ ಪತ್ರ ಕೈಗೆ ಬಂದಮೇಲೂ ಹಣ ನಿಂತುಹೋಗಬಹುದು. ಅಮೆರಿಕದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಎಂಬ ಕೇಂದ್ರ ಕಲಾ ನಿಧಿ 2025ರ ಮೇ ತಿಂಗಳಲ್ಲಿ, ಆಗಲೇ ಒಪ್ಪಿಕೊಂಡಿದ್ದ ಹಲವು ಅನುದಾನಗಳನ್ನು ಇಮೇಲ್ ಕಳಿಸಿ ರದ್ದು ಮಾಡಿತು ಅಥವಾ ವಾಪಸ್ ಪಡೆಯಿತು. ಹಾಗಾಗಿ ಹಾಳೆಯಲ್ಲಿ 'ಮಂಜೂರು' ಮತ್ತು 'ಪಾವತಿ' ಎರಡೂ ಬೇರೆ ಕಾಲಂ ಇರಲಿ.

4. ನೂರನ್ನು ಬಿಡಿಸಿ

ಇದೇ ನನ್ನ ಪ್ರಕಾರ ಅತಿ ಮುಖ್ಯ ಹಂತ. ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನು ಮಾಡಿ.

ಒಂದು ಇಲಾಖೆಗೆ 100 ಸಿಕ್ಕಿತು ಅಂದುಕೊಳ್ಳಿ. ಇದು ಲೆಕ್ಕಕ್ಕೆಂದು ನಾನೇ ಮಾಡಿಕೊಂಡ ಅಂಕಿ, ಯಾವ ದೇಶದ್ದೂ ಅಲ್ಲ. ಸ್ಮಾರಕ, ವಸ್ತುಸಂಗ್ರಹಾಲಯಗಳಿಗೆ 38. ಹೊಸ ಸಭಾಂಗಣ ಕಟ್ಟಲು 20. ರಾಷ್ಟ್ರೀಯ ಸಂಸ್ಥೆಗಳ ಸಂಬಳ, ಆಡಳಿತಕ್ಕೆ 17. ಉತ್ಸವ, ಜಯಂತಿ, ಶತಮಾನೋತ್ಸವಗಳಿಗೆ 10. ವಿದೇಶ ಪ್ರವಾಸಕ್ಕೆ 3. ಅರ್ಜಿ ಕರೆದು ತಂಡಗಳಿಗೆ, ಕಲಾವಿದರಿಗೆ ಕೊಡುವ ಅನುದಾನಕ್ಕೆ 12. ಆ 12ರಲ್ಲಿ ಸಂಸ್ಥೆಗಳಿಗೆ 9 ಹೋದರೆ ಒಬ್ಬೊಬ್ಬ ಕಲಾವಿದರಿಗೆ ನೇರವಾಗಿ ಸಿಗುವುದು 3.

ಮುಂದಿನ ವರ್ಷ ಇದು 115 ಆಯಿತು ಅನ್ನಿ. "ಸಂಸ್ಕೃತಿಗೆ ಶೇಕಡ 15 ಏರಿಕೆ" ಎಂದು ಸುದ್ದಿ. ಬಿಡಿಸಿ ನೋಡಿದರೆ ಹೆಚ್ಚಿದ 15 ಪೂರ್ತಿ ಸಭಾಂಗಣದ ಕಾಂಕ್ರೀಟಿಗೆ ಹೋಗಿದೆ. ಅನುದಾನ ಇನ್ನೂ 12ರಲ್ಲೇ ಇದೆ. ಅಂದರೆ ಒಟ್ಟು ಹಣದಲ್ಲಿ ಅದರ ಪಾಲು ಶೇಕಡ 12ರಿಂದ 10.4ಕ್ಕೆ ಇಳಿಯಿತು. ಸುದ್ದಿಯೂ ಸುಳ್ಳಲ್ಲ, ತಂಡಗಳ ಗೋಳೂ ಸುಳ್ಳಲ್ಲ.

ಬಿಡಿಸುವಾಗ ಒಂದು ಎಚ್ಚರ ಬೇಕು. ಸಂಬಳ ಕಂಡ ಕೂಡಲೇ ದಂಡ ಖರ್ಚು ಅನ್ನಬೇಡಿ. ರಾಷ್ಟ್ರೀಯ ವಾದ್ಯವೃಂದದ ಸಂಬಳ ಅಂದರೆ ವಾದ್ಯಗಾರರ ಸಂಬಳವೇ. ಹಳೇ ತಾಳೆಗರಿಯನ್ನು ಉಳಿಸುವ ತಜ್ಞರಿಗೂ ತಿಂಗಳ ಕೊನೆಗೆ ಸಂಬಳ ಬೇಕು. ಸಂಬಳದ ಸಾಲಿನಲ್ಲಿ ಕಲೆಯ ಕೆಲಸ ಮಾಡುವವರೆಷ್ಟು, ಕಡತ ನೋಡುವವರೆಷ್ಟು ಎಂದು ಸಿಬ್ಬಂದಿ ಪಟ್ಟಿ ನೋಡಿ ಬೇರೆ ಮಾಡಿ. ಕಟ್ಟಡದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಠಿಣ. ಕಟ್ಟಲು ಹಣ ಇಟ್ಟು, ಆಮೇಲೆ ವರ್ಷವರ್ಷದ ವಿದ್ಯುತ್, ರಿಪೇರಿ, ಕಾರ್ಯಕ್ರಮಗಳಿಗೆ ಹಣ ಇಡದ ಸಭಾಂಗಣ ಉದ್ಘಾಟನೆಯ ಕಲ್ಲಿನ ಜೊತೆಗೇ ಸೊರಗುತ್ತದೆ. ಹೊಸ ಕಟ್ಟಡದ ಸಾಲು ಕಂಡರೆ, ನಡೆಸುವ ಖರ್ಚಿನ ಸಾಲು ಎಲ್ಲಿ ಎಂದು ಹುಡುಕಿ.

ಹಣವನ್ನು ಕಲಾವಿದರಿಗೆ ತಲುಪಿಸುವ ರೀತಿಯೂ ಒಂದೇ ಅಲ್ಲ. ನಾರ್ವೆಯಲ್ಲಿ 1965ರಿಂದ ಒಂದು ಏರ್ಪಾಡಿದೆ. ಆಯ್ಕೆಯಾದ ಹೊಸ ಪುಸ್ತಕಗಳ ನೂರಾರು ಪ್ರತಿಗಳನ್ನು ಸರ್ಕಾರಿ ನಿಧಿ ಕೊಂಡು ಗ್ರಂಥಾಲಯಗಳಿಗೆ ಹಂಚುತ್ತದೆ. ಪ್ರಕಾಶಕರಿಗೆ ನಷ್ಟದ ಭಯ ಕಡಿಮೆ, ಲೇಖಕರಿಗೆ ಗೌರವಧನ, ಓದುಗರಿಗೆ ಪುಸ್ತಕ. ಆಡುವವರು ಕಡಿಮೆ ಇರುವ ಭಾಷೆಗೆ ಇದಕ್ಕಿಂತ ಉಪಯೋಗದ ಸಹಾಯ ಇನ್ನೊಂದಿಲ್ಲ ಅನ್ನಿಸುತ್ತದೆ. ಐರ್ಲೆಂಡ್ ಬೇರೆಯೇ ದಾರಿ ಹಿಡಿಯಿತು. 2022ರಲ್ಲಿ 2,000 ಕಲಾವಿದರು ಮತ್ತು ಕಲಾ ಕೆಲಸಗಾರರಿಗೆ ವಾರಕ್ಕೆ 325 ಯೂರೊ ಕೊಡಲು ಶುರು ಮಾಡಿತು. ಅರ್ಹತೆ ಇದ್ದವರು 8,000ಕ್ಕಿಂತ ಹೆಚ್ಚು. ಯಾರು ದೊಡ್ಡ ಕಲಾವಿದ ಎಂದು ತೂಗುವ ಗೋಜಿಗೇ ಹೋಗದೆ, ಚೀಟಿ ಎತ್ತಿದ ಹಾಗೆ ಆರಿಸಿದರು. ಆಯ್ಕೆಯಾಗದ ಒಂದು ಗುಂಪನ್ನೂ ಜೊತೆಗಿಟ್ಟುಕೊಂಡು, ಹಣ ಸಿಕ್ಕವರಿಗೂ ಸಿಗದವರಿಗೂ ಏನು ವ್ಯತ್ಯಾಸ ಎಂದು ಅಳೆದರು.

5. ಆರಿಸುವವರು ಯಾರು?

ಬಜೆಟ್ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ನಿಯಮಾವಳಿ ಓದಬೇಕು.

ಸ್ಥೂಲವಾಗಿ ಎರಡು ಪದ್ಧತಿ. ಒಂದು, ಫ್ರಾನ್ಸಿನದು. 1959ರಲ್ಲಿ ಆಂದ್ರೆ ಮಾಲ್ರೊ ಮೊದಲ ಸಚಿವರಾಗಿ ಸಂಸ್ಕೃತಿಗೇ ಒಂದು ಸಚಿವಾಲಯ ಬಂತು. ಧೋರಣೆ, ಹಣ ಎರಡೂ ಸಚಿವಾಲಯದ ಕೈಯಲ್ಲಿ. ಇನ್ನೊಂದು, ಬ್ರಿಟನ್ನಿನದು. ಯುದ್ಧದ ನಡುವೆ, 1940ರಲ್ಲಿ ಹುಟ್ಟಿದ ಒಂದು ಮಂಡಳಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಆಯಿತು. ಇದಕ್ಕೆ ರೂಪ ಕೊಟ್ಟವರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮುಖ್ಯರು. ಹಣ ಸಂಸತ್ತು ಕೊಡುತ್ತದೆ, ಯಾರಿಗೆ ಎಂಬುದನ್ನು ಮಂಡಳಿ ತೀರ್ಮಾನಿಸುತ್ತದೆ, ಸಚಿವರು ಕೈ ಹಾಕುವ ಹಾಗಿಲ್ಲ. 1957ರ ಕೆನಡಾ ಕೌನ್ಸಿಲ್ ಕೂಡ ಇದೇ ದಾರಿಯದು. ಅಲ್ಲಿ ಅರ್ಜಿಗಳನ್ನು ತೂಗಲು ಕಲಾವಿದರದೇ ಸಮಿತಿಗಳಿವೆ.

ಕಾಗದದಲ್ಲಿ ಎರಡನೆಯದು ಚೆನ್ನ ಅನ್ನಿಸುತ್ತದೆ. ನನಗೂ ಅದೇ ಇಷ್ಟ. ಆದರೆ ಮಂಡಳಿ ಸ್ವತಂತ್ರ ಎಂದು ಬರೆದ ಮಾತ್ರಕ್ಕೆ ಸ್ವತಂತ್ರ ಆಗಿಬಿಡುವುದಿಲ್ಲ. ಈ ಪ್ರಶ್ನೆಗಳನ್ನು ಹಾಕಿ: ಅಧ್ಯಕ್ಷರನ್ನು ನೇಮಿಸುವವರು ಯಾರು, ತೆಗೆಯುವವರು ಯಾರು? ಅವಧಿ ಸರ್ಕಾರದ ಅವಧಿಯ ಜೊತೆಗೇ ಮುಗಿಯುತ್ತದಾ? ಸಮಿತಿ ಸದಸ್ಯರ ಹೆಸರು ಹೊರಗೆ ಬರುತ್ತದಾ? ಸದಸ್ಯರದೇ ತಂಡ ಅರ್ಜಿ ಹಾಕಿದರೆ ಅವರು ಎದ್ದು ಹೊರಗೆ ಹೋಗಬೇಕಾ? ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ಕೊಡುತ್ತಾರಾ? ವರ್ಷಗಟ್ಟಲೆ ಅವೇ ಹೆಸರು ಸಮಿತಿಯಲ್ಲಿದ್ದರೆ ಸ್ವಾತಂತ್ರ್ಯ ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೇ.

ಷರತ್ತುಗಳ ಭಾಷೆಯನ್ನೂ ಗಮನಿಸಿ. ಅಮೆರಿಕದಲ್ಲಿ ಕೆಲವು ಕಲಾಕೃತಿಗಳ ಬಗ್ಗೆ ಗದ್ದಲ ಎದ್ದಮೇಲೆ, 1990ರಲ್ಲಿ ಅಲ್ಲಿನ ಸಂಸತ್ತು ಅನುದಾನ ಕೊಡುವಾಗ ಸಭ್ಯತೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಕಾನೂನಿನಲ್ಲಿ ಸೇರಿಸಿತು. ಕಲಾವಿದರು ಕೋರ್ಟಿಗೆ ಹೋದರು. 1998ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಒಂದೇ ಒಂದು ಪದ ಅರ್ಜಿದಾರರು ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನೇ ಬದಲಿಸುತ್ತದೆ.

6. ಬೆಲೆ ಏರಿಕೆ ಕಳೆಯಿರಿ

ಹಳೇ ಅಂಕಿ, ಹೊಸ ಅಂಕಿ ನೇರ ಹೋಲಿಸಿದರೆ ಮೋಸ ಹೋಗುತ್ತೀರಿ. ಮೇಲೆ ಹೇಳಿದ ಅಮೆರಿಕದ ಕಲಾ ನಿಧಿಯನ್ನೇ ತೆಗೆದುಕೊಳ್ಳಿ. 1992ರಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 17.6 ಕೋಟಿ ಡಾಲರ್. 1996ಕ್ಕೆ ಅದನ್ನು 10 ಕೋಟಿಗೆ ಇಳಿಸಿದರು. 2024ರಲ್ಲಿ 20.7 ಕೋಟಿ. ನೋಡಿದರೆ 1992ಕ್ಕಿಂತ ಜಾಸ್ತಿಯೇ. ಈಗ ಬೆಲೆ ಏರಿಕೆ ಲೆಕ್ಕ ಹಾಕಿ. ಗ್ರಾಹಕ ಬೆಲೆ ಸೂಚ್ಯಂಕ ಆ ಅವಧಿಯಲ್ಲಿ ಹತ್ತಿರ ಹತ್ತಿರ 2.2 ಪಟ್ಟಾಗಿದೆ. 17.6ನ್ನು 2.2ರಿಂದ ಗುಣಿಸಿದರೆ 39 ಕೋಟಿಯ ಹತ್ತಿರ ಬರುತ್ತದೆ. ಅಂದರೆ 1992ರಲ್ಲಿ ಇದ್ದಷ್ಟೇ ಶಕ್ತಿ ಉಳಿಯಬೇಕಿದ್ದರೆ 2024ರಲ್ಲಿ 39 ಕೋಟಿ ಇರಬೇಕಿತ್ತು. ಇರುವುದು ಅದರ ಅರ್ಧಕ್ಕಿಂತ ತುಸು ಜಾಸ್ತಿ. ತಲಾ ಲೆಕ್ಕ ಹಾಕಿದರೆ ಒಬ್ಬರಿಗೆ ಸುಮಾರು 60 ಸೆಂಟ್.

ನಿಮ್ಮ ದೇಶದ ಬೆಲೆ ಸೂಚ್ಯಂಕವನ್ನು ಅಂಕಿಅಂಶ ಇಲಾಖೆಯೇ ಕೊಡುತ್ತದೆ. ಹೊಸ ವರ್ಷದ ಸೂಚ್ಯಂಕವನ್ನು ಹಳೇ ವರ್ಷದ್ದರಿಂದ ಭಾಗಿಸಿ, ಬಂದದ್ದರಿಂದ ಹಳೇ ಅಂಕಿಯನ್ನು ಗುಣಿಸಿ. ಅಷ್ಟೇ. ಎರಡೂ ಒಂದೇ ಸರಣಿಯ ಸೂಚ್ಯಂಕ ಆಗಿರಬೇಕು.

ರಂಗಭೂಮಿ, ಸಂಗೀತಕ್ಕೆ ಇದೂ ಸಾಲದು. ಬೌಮಲ್ ಮತ್ತು ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಇದರ ಕಾರಣ ಬಿಡಿಸಿ ಹೇಳಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದು ಅದೇ ಜನ ಹೆಚ್ಚು ಸಾಮಾನು ಮಾಡುತ್ತಾರೆ, ಹಾಗಾಗಿ ಸಂಬಳ ಏರುತ್ತದೆ. ನಾಲ್ವರು ನುಡಿಸುವ ಕೃತಿಗೆ ಇವತ್ತಿಗೂ ನಾಲ್ವರೇ ಬೇಕು, ಹಿಂದೆ ಹಿಡಿಯುತ್ತಿದ್ದಷ್ಟೇ ಸಮಯ ಬೇಕು. ಆದರೆ ಅವರಿಗೂ ಹೊರಗಿನವರಷ್ಟು ಸಂಬಳ ಏರಿಸಲೇಬೇಕು. ಅದರಿಂದ ಪ್ರದರ್ಶನ ಕಲೆಗಳ ಖರ್ಚು ಸಾಮಾನ್ಯ ಬೆಲೆ ಏರಿಕೆಗಿಂತ ವೇಗವಾಗಿ ಏರುತ್ತದೆ. ಅನುದಾನವನ್ನು ಬೆಲೆ ಏರಿಕೆಯಷ್ಟೇ ಹೆಚ್ಚಿಸಿದರೂ ತಂಡಗಳು ನಿಧಾನವಾಗಿ ಹಿಂದೆ ಬೀಳುತ್ತವೆ. ತಂಡದವರು ಹಣ ಸಾಲುತ್ತಿಲ್ಲ ಎಂದಾಗ ಅದು ಬರೀ ಗೊಣಗಾಟ ಅಂದುಕೊಳ್ಳಬೇಡಿ.

7. ಬೇರೆ ದೇಶದ ಜೊತೆ ಹೋಲಿಸುವ ಆಸೆ

ಆಸೆ ಬಂದೇ ಬರುತ್ತದೆ. ಮಾಡಿ, ಆದರೆ 1 ಮತ್ತು 2ನೇ ಹಂತ ಎರಡೂ ದೇಶಕ್ಕೆ ಮುಗಿಸಿದ ಮೇಲೆ. ಅಮೆರಿಕದ ಆ 60 ಸೆಂಟನ್ನು ಯೂರೋಪಿನ ಯಾವುದೋ ದೇಶದ ಎಲ್ಲ ಹಂತದ ಖರ್ಚಿನ ಪಕ್ಕ ಇಟ್ಟು ನಗುವವರನ್ನು ಬಹಳ ನೋಡಿದ್ದೇನೆ. ಆ 60 ಸೆಂಟಿನಲ್ಲಿ ಅಮೆರಿಕದ ರಾಜ್ಯಗಳ ಹಣ, ನಗರಗಳ ಹಣ, ಬಿಟ್ಟುಕೊಟ್ಟ ತೆರಿಗೆ ಯಾವುದೂ ಸೇರಿರುವುದಿಲ್ಲ. ಅದಕ್ಕಿಂತ ನಿಮ್ಮ ದೇಶದ್ದೇ ಹತ್ತು ವರ್ಷದ ಹಿಂದಿನ ಅಂಕಿ ಜೊತೆ ಹೋಲಿಸುವುದು ಹೆಚ್ಚು ನಂಬಿಕೆಯ ಕೆಲಸ.

8. ಸಿಗದ ಅಂಕಿಗೆ ಅರ್ಜಿ ಹಾಕಿ

ಇಷ್ಟು ಮಾಡಿದಾಗ ಹಾಳೆಯಲ್ಲಿ ಕೆಲವು ಮನೆ ಖಾಲಿ ಉಳಿದಿರುತ್ತವೆ. ಸಾಮಾನ್ಯವಾಗಿ 4 ಮತ್ತು 5ನೇ ಹಂತದವು. ಅಲ್ಲೇ ಮಾಹಿತಿ ಹಕ್ಕು ಕೆಲಸಕ್ಕೆ ಬರುವುದು. ಸರ್ಕಾರಿ ಕಾಗದ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಕಾನೂನು ಮಾಡಿತ್ತು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅಂಥ ಕಾನೂನು ಇದೆ.

ಅರ್ಜಿಯಲ್ಲಿ ಅಭಿಪ್ರಾಯ ಬರೆಯಬೇಡಿ, 'ಯಾಕೆ' ಎಂದು ಕೇಳಬೇಡಿ. 'ಯಾಕೆ' ಎಂದರೆ ಉತ್ತರ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. ದಾಖಲೆ ಕೇಳಿ, ಅವಧಿ ಹೇಳಿ. ಹೀಗೆ ಬರೆಯಬಹುದು:

"ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಈ ಯೋಜನೆಯಡಿ ಬಂದ ಅರ್ಜಿಗಳ ಸಂಖ್ಯೆ, ಮಂಜೂರಾದವುಗಳ ಪಟ್ಟಿ, ಪ್ರತಿಯೊಂದಕ್ಕೂ ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ, ಪಾವತಿಯ ದಿನಾಂಕ ಮತ್ತು ಸಂಸ್ಥೆ ಇರುವ ಜಿಲ್ಲೆಯ ವಿವರ ಕೊಡಿ. ಆಯ್ಕೆ ಸಮಿತಿ ಸಭೆಗಳ ನಡಾವಳಿಯ ಪ್ರತಿ ಕೊಡಿ."

ಜಿಲ್ಲೆಯ ವಿವರ ಮರೆಯದೆ ಕೇಳಿ. ರಾಜಧಾನಿಗೆ ಎಷ್ಟು, ಉಳಿದ ಕಡೆಗೆ ಎಷ್ಟು ಎಂಬುದು ಅದರಿಂದಲೇ ಗೊತ್ತಾಗುವುದು. ಪಾವತಿಯ ದಿನಾಂಕ ಸಿಕ್ಕರೆ, ಕಾರ್ಯಕ್ರಮ ಮುಗಿದು ಎಷ್ಟು ತಿಂಗಳ ಮೇಲೆ ಹಣ ಬಂತು, ಅಷ್ಟು ದಿನ ಸಾಲ ಮಾಡಿ ನಡೆಸಿದವರು ಯಾರು ಎಂಬುದೂ ಗೊತ್ತಾಗುತ್ತದೆ. ಕೈಯಲ್ಲಿ ಕಾಸಿಲ್ಲದ ತಂಡಗಳು ಅರ್ಜಿಯನ್ನೇ ಹಾಕದೆ ಉಳಿಯುವುದು ಇದೇ ಕಾರಣಕ್ಕೆ. ಅವರ ಲೆಕ್ಕ ಯಾವ ದಾಖಲೆಯಲ್ಲೂ ಇರುವುದಿಲ್ಲ, ಅದನ್ನು ತಂಡಗಳನ್ನೇ ಕೇಳಿ ತಿಳಿಯಬೇಕು.

ಸಮಯದ ಬಗ್ಗೆ ಒಂದು ಮಾತು. ಬಜೆಟ್ ದಿನ ಪ್ರಶ್ನೆ ಎತ್ತಿದರೆ ತಡ ಆಗಿರುತ್ತದೆ. ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿಯನ್ನು ಎಷ್ಟೋ ತಿಂಗಳ ಮೊದಲೇ ಹಣಕಾಸು ಇಲಾಖೆಗೆ ಕಳಿಸಿರುತ್ತವೆ. ಆ ಪಟ್ಟಿ ಹೋಗುವ ಮೊದಲು ನಿಮ್ಮ ಹಾಳೆಯ ಒಂದು ಪುಟದ ಸಾರ ಇಲಾಖೆಯ ಕಾರ್ಯದರ್ಶಿಗೆ, ನಿಮ್ಮ ಜನಪ್ರತಿನಿಧಿಗೆ, ಲೆಕ್ಕಪತ್ರ ನೋಡುವ ಶಾಸನಸಭಾ ಸಮಿತಿಗೆ ತಲುಪಲಿ. ಒಂದೇ ಪುಟ ಸಾಕು, ಮೂರೇ ಅಂಕಿ ಇರಲಿ: ಅಂದಾಜಿಗೂ ನಿಜವಾದ ಖರ್ಚಿಗೂ ಇರುವ ಅಂತರ, ನೂರರಲ್ಲಿ ಕಲಾವಿದರ ಕೈ ಸೇರಿದ ಪಾಲು, ಹಣ ಕೈಗೆ ಬರಲು ಹಿಡಿದ ಸರಾಸರಿ ದಿನ. ಉಳಿದ ಹಾಳೆಯನ್ನು ಯಾರು ಬೇಕಾದರೂ ತೆರೆದು ನೋಡುವ ಹಾಗೆ ಹಂಚಿ, ಪ್ರತಿ ಅಂಕಿಯ ಪಕ್ಕ ಅದು ಯಾವ ದಾಖಲೆಯ ಎಷ್ಟನೇ ಪುಟದ್ದು ಎಂದು ಬರೆದಿಡಿ. ಮುಂದಿನ ವರ್ಷ ಕೂರುವವರು ಹೊಸ ಕಾಲಂ ಒಂದನ್ನು ಸೇರಿಸಿದರೆ ಸಾಕಾಗುತ್ತದೆ.